ಹುಣ್ಣಿಮೆಯ ಬುತ್ತಿ, ಎದುರು ಮನೆಯ ಮಗ



2025ರ ಅಕ್ಟೋಬರ್ ತಿಂಗಳ ಮೊದಲ ವಾರ. ಜಪಸರದ ತಿಂಗಳಾದ್ದರಿಂದ ಕತ್ತಲಗೆರೆ ಕಡೆಯ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಭದ್ರಾ ನಾಲೆಯ ನೀರು ಕುಡಿದ ಭತ್ತ ಸುತ್ತಲೂ ಹೊಡೆ ತುಂಬಿ ನಿಂತಿತ್ತು. ಜಪಸರ ಮುಗಿದ ಮೇಲೆ ಮನೆಯ ಹಿರಿಯ ತಾಯಿ ಮೆಲ್ಲನೆ ಕೇಳಿದರು: "ಫಾದರ್, ನಾಡಿದ್ದು ಭೂಮಿ ಹುಣ್ಣಿಮೆ. ಪಕ್ಕದ ಗದ್ದೆಯವರು ಊಟಕ್ಕೆ ಕರೆದಿದ್ದಾರೆ. ನಾವು ಹೋಗಬಹುದಾ? ಅಲ್ಲಿ ಉಂಡರೆ ಪಾಪವಾಗುತ್ತದಾ?"

ಇದು ನಿಮ್ಮಲ್ಲಿ ಅನೇಕರ ಪ್ರಶ್ನೆಯೂ ಹೌದು. ಚನ್ನಗಿರಿ, ಹೊನ್ನಾಳಿ ಸೀಮೆಯ ರೈತರಿಗೆ ಆಶ್ವಯುಜ ಮಾಸದ ಈ ಹುಣ್ಣಿಮೆ ದೊಡ್ಡ ಹಬ್ಬ. ಕೆಲವೆಡೆ ಇದನ್ನು ಸೀಗಿ ಹುಣ್ಣಿಮೆ ಎನ್ನುತ್ತಾರೆ. ಹೆಂಗಸರು ರಾತ್ರಿಯೆಲ್ಲ ನಿದ್ದೆಗೆಟ್ಟು ಕಡುಬು, ಹೋಳಿಗೆ, ಬುತ್ತಿ ಮಾಡುತ್ತಾರೆ. ಹತ್ತಾರು ಬಗೆಯ ಸೊಪ್ಪು ಬೇಯಿಸಿ ಚರಗ ಸಿದ್ಧಮಾಡುತ್ತಾರೆ. ಬೆಳಿಗ್ಗೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಎಲ್ಲರೂ ಉಣ್ಣುತ್ತಾರೆ. ಬಸುರಿ ಹೆಣ್ಣುಮಗಳಿಗೆ ಬಯಕೆಯ ಊಟ ಹಾಕುವಂತೆ, ತೆನೆ ಹೊತ್ತ ಭೂಮಿತಾಯಿಗೂ ಊಟ ಹಾಕಬೇಕು ಎಂಬುದು ಅವರ ಭಾವನೆ.

ಅದೇ ಹುಣ್ಣಿಮೆಯಂದು ಚೀನಾ ದೇಶದ ಮನೆಗಳಲ್ಲೂ ಹಬ್ಬವಿತ್ತು. ಅವರ ಪಂಚಾಂಗದ ಎಂಟನೆಯ ತಿಂಗಳ ಹದಿನೈದನೆಯ ದಿನ ಮನೆಮಂದಿಯೆಲ್ಲ ಒಂದೆಡೆ ಸೇರಿ, ಚಂದ್ರನ ಹಾಗೆ ದುಂಡಗಿರುವ ಕಡುಬನ್ನು ಹೋಳು ಮಾಡಿ ಹಂಚಿಕೊಳ್ಳುತ್ತಾರೆ. ಆ ದುಂಡಗಿನ ಆಕಾರವೇ ಒಡೆಯದ ಕುಟುಂಬದ ಗುರುತು. ದೂರದಲ್ಲಿರುವ ಮಗನೂ ತಾಯಿಯೂ ಒಂದೇ ಚಂದ್ರನನ್ನು ನೋಡುತ್ತೇವೆ ಎಂದು ಸಮಾಧಾನಪಡುತ್ತಾರೆ. ಎಲ್ಲ ವರ್ಷಗಳಲ್ಲೂ ಎರಡು ಹಬ್ಬಗಳು ಒಂದೇ ಹುಣ್ಣಿಮೆಗೆ ಕೂಡಿಬರುವುದಿಲ್ಲ, 2025ರಲ್ಲಿ ಬಂದವು. ಯೆಹೂದ್ಯರ ಪರ್ಣಕುಟೀರಗಳ ಹಬ್ಬವೂ ಅದೇ ಹುಣ್ಣಿಮೆಗೆ ಆರಂಭವಾಯಿತು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯ ತೆರೆದು ನೋಡಿ: ಏಳನೆಯ ತಿಂಗಳ ಹದಿನೈದನೆಯ ದಿನ, ಬೆಳೆ ಕೂಡಿಟ್ಟ ಮೇಲೆ ಆಚರಿಸಬೇಕಾದ ಹಬ್ಬ ಅದು. ಪ್ರಭು ಯೇಸುವೂ ಆ ಹಬ್ಬಕ್ಕೆ ಜೆರುಸಲೇಮಿಗೆ ಹೋದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ನಮ್ಮ ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಲ್ಲಿ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೊಡನೆ ಉಣ್ಣುವುದೂ ಇದೇ ಸಾಲಿನದು.

ಹಾಗಾದರೆ ಆ ತಾಯಿಗೆ ಏನು ಹೇಳಬೇಕು? ಸೆಮಿನರಿಯಲ್ಲಿ ಓದಿದ್ದನ್ನೆಲ್ಲ ಹೇಳತೊಡಗಿದೆ. ಭೂಮಿ ಸೃಷ್ಟಿ, ಸೃಷ್ಟಿಕರ್ತನಲ್ಲ. ಆರಾಧನೆ ದೇವರೊಬ್ಬರಿಗೇ ಸಲ್ಲಬೇಕು. ಆದರೆ ನೆರೆಯವರು ಪ್ರೀತಿಯಿಂದ ಕರೆದಾಗ ಹೋಗುವುದು, ಬಡಿಸಿದ್ದನ್ನು ದೇವರಿಗೆ ಕೃತಜ್ಞತೆ ಸಲ್ಲಿಸಿ ಉಣ್ಣುವುದು ಬೇರೆ. ಪೂಜೆ ಮಾಡುವುದು ಬೇರೆ. ಸಂತ ಪೌಲರು ಕೊರಿಂಥದವರಿಗೆ ಈ ವ್ಯತ್ಯಾಸವನ್ನೇ ತಿಳಿಸಿದರು. ಇನ್ನೊಬ್ಬರ ಮನಸ್ಸಾಕ್ಷಿಗೆ ನೋವಾಗದಂತೆ ನಡೆಯಬೇಕೆಂದೂ ಹೇಳಿದರು. ಧರ್ಮಸಭೆಗೂ ಇಂಥ ಪ್ರಶ್ನೆ ಸುಲಭವಾಗಿರಲಿಲ್ಲ. 1610ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡ ಯೇಸುಸಭೆಯ ಗುರು ಮತ್ತೆಯೊ ರಿಚ್ಚಿ, ಹಿರಿಯರಿಗೆ ಚೀನಿಯರು ಸಲ್ಲಿಸುವ ಗೌರವವನ್ನು ಕ್ರೈಸ್ತರೂ ಉಳಿಸಿಕೊಳ್ಳಬಹುದೆಂದು ತಿಳಿದಿದ್ದರು. ಆದರೆ 1742ರಲ್ಲಿ ರೋಮ್ ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿತು. ಸುಮಾರು ಇನ್ನೂರು ವರ್ಷಗಳ ಬಳಿಕ, 1939ರಲ್ಲಿ, ಅಂಥ ಗೌರವ ಸಲ್ಲಿಸಲು ಅನುಮತಿ ಕೊಟ್ಟಿತು.

ಇನ್ನೊಂದು ಮಾತನ್ನೂ ಹೇಳಿದೆ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಸಂತ ಪೌಲರು ರೋಮನರಿಗೆ ಬರೆದರು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚಿನ ಸುಗ್ಗಿ ಹಬ್ಬಗಳು ಬೆಳೆ ಕೈಗೆ ಬಂದ ಮೇಲೆ ನಡೆಯುತ್ತವೆ. ಭೂಮಿ ಹುಣ್ಣಿಮೆಯಲ್ಲಿ ಬೆಳೆ ಇನ್ನೂ ಬಂದಿಲ್ಲ. ಮಳೆ ಕೆಡಬಹುದು, ರೋಗ ತಗಲಬಹುದು. ಆದರೂ ಮೊದಲು ಉಣಬಡಿಸುತ್ತಾರೆ. ಫಲ ಕಾಣುವ ಮೊದಲೇ ಕೊಡುವುದು ಭರವಸೆಯ ಕೆಲಸವಲ್ಲವೇ?

ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: "ಪಕ್ಕದವರ ಗದ್ದೆಗೆ ಹೋಗೋದು ಇರಲಿ ಫಾದರ್. ನನ್ನ ಚಿಕ್ಕ ಮಗ ಎದುರು ಮನೆಯಲ್ಲೇ ಇದ್ದಾನೆ. ಗದ್ದೆ ಪಾಲಾದ ಮೇಲೆ ಅಣ್ಣತಮ್ಮಂದಿರು ಬದುವಿಗೆ ಜಗಳ ಆಡಿದರು. ಮೂರು ವರ್ಷವಾಯಿತು, ಅವನು ಈ ಮನೆಯಲ್ಲಿ ಉಂಡಿಲ್ಲ."

ನನ್ನ ಬಾಯಿ ಕಟ್ಟಿಹೋಯಿತು. ದೊಡ್ಡ ಮಗ ಅಲ್ಲೇ ಕಂಬಕ್ಕೊರಗಿ ನಿಂತಿದ್ದ, ಕೈಯಲ್ಲಿ ಜಪಸರ. ಪರರ ಗದ್ದೆಯಲ್ಲಿ ಉಂಡರೆ ಪಾಪವೇ ಎಂಬ ಪ್ರಶ್ನೆಗೆ ಅಷ್ಟು ಹೊತ್ತು ಉತ್ತರ ಹೇಳಿದ ನಾನು, ಒಡಹುಟ್ಟಿದವನನ್ನು ಊಟಕ್ಕೆ ಕರೆಯದಿರುವುದು ಪಾಪವೇ ಎಂದು ಯೋಚಿಸಿರಲಿಲ್ಲ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭುವೇ ಕಲಿಸಿದ್ದಾರೆ. ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಅದು ಇದೆ. ಅದನ್ನಷ್ಟೇ ಓದಿ ಎದ್ದುಬಂದೆ.

ಹುಣ್ಣಿಮೆಯ ಮರುದಿನ ಜಪಸರ ಮಾತೆಯ ಹಬ್ಬ. ಪೂಜೆಯ ಬಳಿಕ ಆ ತಾಯಿ ಸಿಕ್ಕಿದರು. ಹಬ್ಬದ ದಿನ ದೊಡ್ಡ ಮಗನೇ ಒಂದು ಬೋಗುಣಿಯಲ್ಲಿ ಕಡುಬು ತೆಗೆದುಕೊಂಡು ಎದುರು ಮನೆಯ ಜಗಲಿಯ ಮೇಲೆ ಇಟ್ಟು ಬಂದನಂತೆ. ಮಾತಾಡಲಿಲ್ಲವಂತೆ. "ಬೋಗುಣಿ ಇನ್ನೂ ವಾಪಸು ಬಂದಿಲ್ಲ ಫಾದರ್," ಎಂದರು. "ಆದರೆ ಒಳಗೆ ತೆಗೆದುಕೊಂಡಿದ್ದಾರೆ."

ಪ್ರಿಯರೇ, ತೆನೆ ಕಟ್ಟಲು ಕಾಲ ಬೇಕು. ರೈತ ಅದಕ್ಕಾಗಿ ಕಾಯುತ್ತಾನೆ. ಆದರೆ ಚರಗ ಚೆಲ್ಲಲು ಕಾಯುವುದಿಲ್ಲ. ನಿಮ್ಮ ಮನೆಯ ಪಂಕ್ತಿಯಲ್ಲೂ ಯಾರದಾದರೂ ಎಲೆ ಖಾಲಿಯಿದೆಯೇ? ಈ ಭಾನುವಾರ ಪರಮಪ್ರಸಾದ ಸ್ವೀಕರಿಸುವ ಮೊದಲು ಅವರ ಹೆಸರನ್ನು ನೆನೆಯಿರಿ. ಮನೆಗೆ ಹೋದ ಮೇಲೆ ಒಂದು ಬೋಗುಣಿ ತುಂಬಿರಿ. ಉಳಿದದ್ದನ್ನು ಬೆಳೆ ಕೊಡುವ ದೇವರು ನೋಡಿಕೊಳ್ಳುತ್ತಾರೆ.