ತಿಳಿಯದೆ ಕೊಟ್ಟದ್ದು ತ್ಯಾಗವೇ?



ನಮ್ಮ ಯುವಕೂಟದ ತಂಗಿಯೊಬ್ಬಳು ಇಲ್ಲೇ ಗೋವಾದ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾಳೆ. ರೋಗಿಗಳನ್ನು ವೀಲ್‌ಚೇರ್‌ನಲ್ಲಿ ಕರೆತಂದು, ಕೈಹಿಡಿದು ಎಬ್ಬಿಸಿ, ಸ್ಕ್ಯಾನ್ ಮೇಜಿನ ಮೇಲೆ ಮಲಗಿಸುವುದು ಅವಳ ಕೆಲಸ. ಒಂದು ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಕೇಳಿದಳು: "ಅಕ್ಕಾ, ನಮ್ಮ ಬಾಗಿಲ ಮೇಲೆ ಹಳದಿ ಬೋರ್ಡಿನಲ್ಲಿ ಮೂರು ರೆಕ್ಕೆಯ ಫ್ಯಾನ್ ಯಾಕೆ ಬರೆದಿದ್ದಾರೆ?"

ಅದು ಫ್ಯಾನ್ ಅಲ್ಲ, ವಿಕಿರಣದ ಎಚ್ಚರಿಕೆ. ಕೆಳಗಿನ ಬರಹ ಇಂಗ್ಲಿಷಿನಲ್ಲಿತ್ತು. ಅವಳು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ಅವಸರದಲ್ಲಿದ್ದ ನಾನು, "ರೋಗಿಗಳ ಸೇವೆ ಮಾಡ್ತಿದ್ದೀಯ, ದೇವರು ನೋಡಿಕೊಳ್ತಾನೆ ಬಿಡು" ಎಂದುಬಿಟ್ಟೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ಆ ರಾತ್ರಿ ನನ್ನ ಮಾತೇ ಚುಚ್ಚಿತು.

ಅಂಥ ವಿಭಾಗದಲ್ಲಿ ರೋಗಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವಿರುವ ಔಷಧಿ ಚುಚ್ಚುತ್ತಾರೆ. ಅದರಿಂದ ಹೊರಡುವ ಗಾಮಾ ಕಿರಣಗಳಿಂದ ಮೂಳೆ, ಹೃದಯ, ಥೈರಾಯ್ಡ್‌ಗಳ ಚಿತ್ರ ಸಿಗುತ್ತದೆ. ಅದರ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಅದು ಕ್ಷೀಣಿಸುವತನಕ ರೋಗಿಯ ಮೈಯೇ ಕಿರಣ ಬೀರುತ್ತಿರುತ್ತದೆ. ರೋಗಿಗೆ ಇದು ಎಂದೋ ಒಮ್ಮೆ, ಸಿಬ್ಬಂದಿಗೆ ದಿನನಿತ್ಯ. ಸೀಸದ ಏಪ್ರನ್ ತೊಟ್ಟರೂ ಅದು ಕಣ್ಣನ್ನು ಮುಚ್ಚುವುದಿಲ್ಲ. ಕಣ್ಣಿನ ಮಸೂರಕ್ಕೆ ಆದ ಹಾನಿ ವರ್ಷಗಳ ನಂತರ ಪೊರೆಯಾಗಿ ಕಾಣಿಸಬಹುದು. ಹಿಂದೆ ಅಂದುಕೊಂಡದ್ದಕ್ಕಿಂತ ಕಡಿಮೆ ವಿಕಿರಣದಿಂದಲೂ ಪೊರೆ ಬರಬಹುದೆಂದು ತಿಳಿದು, 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಸಿಬ್ಬಂದಿಯ ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು ಸರಾಸರಿ 20ಕ್ಕೆ ಇಳಿಸಲು ಹೇಳಿತು.

ಹೆದರಬೇಕಾಗಿಲ್ಲ. ನಿಯಮ ಪಾಲಿಸುವ ಕಡೆ ಸಿಬ್ಬಂದಿಗೆ ತಗಲುವುದು ಸಾಮಾನ್ಯವಾಗಿ ಮಿತಿಗಿಂತ ಕಡಿಮೆಯೇ. ವೈದ್ಯರು ಹೇಳಿದ ಸ್ಕ್ಯಾನನ್ನು ಯಾರೂ ಬೇಡವೆನ್ನಬಾರದು. ನನ್ನ ಪ್ರಶ್ನೆ ಬೇರೆ: ತನಗೇನು ತಗಲುತ್ತಿದೆಯೆಂದೇ ತಿಳಿಯದೆ ದುಡಿಯುವುದನ್ನು ನಾವು ತ್ಯಾಗ ಎನ್ನಬಹುದೇ?

ಸಂತ ಡೇಮಿಯನ್ 1873ರಲ್ಲಿ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ಬಳಿಗೆ ಹೋದರು; 1889ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಅಪಾಯ ಗೊತ್ತಿದ್ದೇ ಹೋದರು, ಆದ್ದರಿಂದಲೇ ಅದು ತ್ಯಾಗ. ತಾನಾಗಿ ಕೊಟ್ಟದ್ದು ಕಾಣಿಕೆ. ತಿಳಿಸದೆ ತೆಗೆದುಕೊಂಡದ್ದು ಕಾಣಿಕೆಯಲ್ಲ, ಅನ್ಯಾಯ. ಆ ಅನ್ಯಾಯಕ್ಕೆ ಸೇವೆಯೆಂಬ ಪವಿತ್ರ ಹೆಸರಿಟ್ಟು ಸುಮ್ಮನಾದ ನನಗೂ ಅದರಲ್ಲಿ ಪಾಲಿದೆ.

ಮುಂದಿನ ಭಾನುವಾರ ಅವಳ ಬಳಿ ಕ್ಷಮೆ ಕೇಳಿ ಎಲ್ಲವನ್ನೂ ಹೇಳಿದೆ: ಕೆಲಸ ಬೇಗ ಮುಗಿಸು, ಎರಡು ಪಟ್ಟು ದೂರ ನಿಂತರೆ ಕಿರಣ ಸುಮಾರು ಕಾಲುಭಾಗಕ್ಕಿಳಿಯುತ್ತದೆ, ಸೀಸದ ಮರೆ ಇದ್ದಲ್ಲಿ ಅದರ ಹಿಂದೆ ನಿಲ್ಲು, ವಿಕಿರಣ ಅಳೆಯುವ ಬ್ಯಾಡ್ಜ್ ನಿನಗೂ ಬೇಕೇ ಎಂದು ಅಲ್ಲಿನ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳು. ಅವಳು ಹೇಳಿದ್ದಿಷ್ಟೆ: "ಕೆಲಸ ಬಿಡಲ್ಲ ಅಕ್ಕಾ. ಆ ರೋಗಿಗಳಿಗೆ ಯಾರಿದ್ದಾರೆ? ಆದರೆ ಈಗ ಗೊತ್ತಿದ್ದು ಮಾಡ್ತೀನಿ."

ಈ ಧರ್ಮಪ್ರಾಂತ್ಯದಲ್ಲಿ ನಮಗೆ ಕನ್ನಡದಲ್ಲಿ ಪ್ರಾರ್ಥಿಸುವ ಭಾಗ್ಯವಿದೆ. ಎಚ್ಚರಿಕೆಯ ಮಾತೂ ಕನ್ನಡದಲ್ಲಿ ನಮ್ಮವರ ಕಿವಿಗೆ ಬೀಳಲಿ. ನಿಮ್ಮ ಕೆಲಸದ ಜಾಗದಲ್ಲಿ ಓದಲಾಗದ ಬೋರ್ಡ್ ಇದ್ದರೆ ಫೋಟೋ ತೆಗೆದು ತನ್ನಿ. ಪೂಜೆಯ ನಂತರ ಕೂತು ಓದೋಣ.