ಒತ್ತು ಶಾವಿಗೆಯೂ ಬಡಿಸುವ ಕೈಯೂ

ಇಂದಿನ ಧಮ್ಮ ಚಿಂತನೆ

ಬರುವ ಭಾನುವಾರ ನಮ್ಮ ಅಧ್ಯಯನ ಬಳಗ ಲಕ್ಕೂರಿನ ನಮ್ಮ ಮನೆಯಲ್ಲಿ ಸೇರುತ್ತದೆ. ಎರಡು ದಿನದಿಂದ ಈ ಗುಂಪಿನಲ್ಲಿ ಒಂದೇ ಚರ್ಚೆ. ಮಧ್ಯಾಹ್ನದ ಊಟಕ್ಕೆ ಮಾಲೂರಿನಿಂದ ಪಲಾವ್ ತರಿಸೋಣವೇ, ಮನೆಯಲ್ಲೇ ಮಾಡೋಣವೇ? ನನ್ನ ಜೊತೆ ಕೆಲಸ ಮಾಡುವ ಕೆಲವು ಶಿಕ್ಷಕರೂ ಅಂದು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಬೌದ್ಧರಲ್ಲ, ನಮ್ಮ ಕೇರಿಯವರೂ ಅಲ್ಲ. "ಹೊರಗಿನಿಂದ ತರಿಸಿದರೆ ಯಾರಿಗೂ ಮುಜುಗರ ಇರುವುದಿಲ್ಲ" ಎಂದು ಒಬ್ಬರು ಬರೆದಿದ್ದಾರೆ. ಇಂದಿನ ಚಿಂತನೆ ಆ ಒಂದು ವಾಕ್ಯದ ಬಗ್ಗೆ. ನಮ್ಮ ಮನೆಯ ಅಡುಗೆಯಿಂದ ಯಾರಿಗೆ, ಏಕೆ ಮುಜುಗರ?

ಮೊದಲು ಅಡುಗೆ ಯಾವುದೆಂದು ಹೇಳುತ್ತೇನೆ. ಒತ್ತು ಶಾವಿಗೆ, ಜೊತೆಗೆ ಎಲೆಕೋಸು. ಕೋಲಾರ ಸೀಮೆಯವರಿಗೆ ಒತ್ತು ಶಾವಿಗೆ ಹೊಸದಲ್ಲ. ಕಾಯಿಹಾಲಿನ ಜೊತೆ ತಿನ್ನುವವರಿದ್ದಾರೆ, ಕೋಳಿಸಾರಿನ ಜೊತೆ ತಿನ್ನುವವರಿದ್ದಾರೆ. ಎರಡಕ್ಕೂ ದುಡ್ಡಿಲ್ಲದ ದಿನ ನಮ್ಮ ಮನೆಯಲ್ಲಿ ಎಲೆಕೋಸು. ಮಾಲೂರು ತಾಲ್ಲೂಕಿನಲ್ಲಿ ತರಕಾರಿ ಬೆಳೆಯುವವರಿಗೆ ಇದು ಗೊತ್ತು: ಬೆಲೆ ಬಿದ್ದ ವರ್ಷ ಕೋಸನ್ನು ಕೊಯ್ದ ಕೂಲಿಯೂ ಹುಟ್ಟುವುದಿಲ್ಲ, ಹೊಲದಲ್ಲೇ ದನಕ್ಕೆ ಬಿಡುತ್ತಾರೆ. ಅಂಥ ವರ್ಷ ಕೂಲಿಗೆ ಹೋದವರು ಸಂಜೆ ಮಡಿಲಲ್ಲಿ ಎರಡು ಗೆಡ್ಡೆ ಕೋಸು ತರುತ್ತಿದ್ದರು. ನನ್ನ ಅಮ್ಮನೂ ಹಾಗೆ ತಂದವಳೇ.

ಮಾಡುವ ಕ್ರಮ ಹೀಗೆ. ನಾಲ್ಕು ಜನಕ್ಕೆ 2 ಲೋಟ ರಾಗಿ ಹಿಟ್ಟು, 1 ಲೋಟ ಅಕ್ಕಿ ಹಿಟ್ಟು, 4 ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಬೇಕು. ಕುದಿ ಬಂದ ಮೇಲೆ ಎರಡೂ ಹಿಟ್ಟನ್ನು ಒಟ್ಟಿಗೆ ಸುರಿದು, ಉರಿ ಸಣ್ಣಗೆ ಮಾಡಿ, ಮುಚ್ಚಿಟ್ಟು ಬೇಯಲು ಬಿಡಬೇಕು. ಆಮೇಲೆ ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತಿರುವಬೇಕು. ಮುದ್ದೆಗಿಂತ ತುಸು ಗಟ್ಟಿ ಇರಲಿ. ಕೈಗೆ ತಣ್ಣೀರು ಮುಟ್ಟಿಸಿಕೊಂಡು, ಬಿಸಿ ಇರುವಾಗಲೇ ನಾದಿ, ಒರಳಿನ ಬಾಯಿಗೆ ಹಿಡಿಸುವಷ್ಟು ಉದ್ದನೆಯ ಉಂಡೆ ಮಾಡಬೇಕು. ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಬೇಕು.

ಅಷ್ಟರೊಳಗೆ ಅರ್ಧ ಕಿಲೋ ಕೋಸನ್ನು ಶಾವಿಗೆಯಷ್ಟೇ ಸಣ್ಣಗೆ ಹೆಚ್ಚಿಕೊಳ್ಳಿ. ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು. ಕೋಸು ಹಾಕಿ ಉಪ್ಪು ಉದುರಿಸಿ. ನೀರು ಬೇಡ, ಅದರ ನೀರಿನಲ್ಲೇ ಅದು ಬೇಯುತ್ತದೆ. ಪೂರ್ತಿ ಮೆತ್ತಗಾಗುವ ಮೊದಲೇ ಇಳಿಸಿ, ಹುರಿದು ಕುಟ್ಟಿದ ಹುಚ್ಚೆಳ್ಳು ಪುಡಿ 2 ಚಮಚ ಬೆರೆಸಿ.

ಇನ್ನು ಒತ್ತುವುದು. ಹಬೆಯಿಂದ ತೆಗೆದ ಉಂಡೆ ಆರಬಾರದು. ಆರಿದರೆ ಒರಳು ಅಲುಗುವುದಿಲ್ಲ. ಹಳೆಯ ಮೂರು ಕಾಲಿನ ಒರಳಾದರೆ ಒಬ್ಬರು ಕಾಲು ಅದುಮಿ ಹಿಡಿಯಬೇಕು, ಒಬ್ಬರು ಹಿಡಿ ತಿರುಗಿಸಬೇಕು, ಮತ್ತೊಬ್ಬರು ಕೆಳಗೆ ತಟ್ಟೆಯನ್ನು ಸುತ್ತಿಸಬೇಕು. ಒಬ್ಬರೇ ಮಾಡುವ ಅಡುಗೆಯಲ್ಲ ಇದು. ತಟ್ಟೆಗೆ ಬಿದ್ದ ಶಾವಿಗೆಗೆ ಕೋಸು ಬೆರೆಸಿ, ಅರ್ಧ ನಿಂಬೆಹಣ್ಣು ಹಿಂಡಿ, ಬಿಸಿಬಿಸಿ ಇರುವಾಗಲೇ ತಿನ್ನಬೇಕು.

ಬಡವರ ಊಟ ಎಂದು ಇದನ್ನು ಕೀಳು ಮಾಡುವವರಿಗೆ ಒಂದು ಮಾತು. ಯೂರೋಪಿನ ಪೋಲೆಂಡ್ ದೇಶದಲ್ಲಿ ಗೋಧಿ ಹಿಟ್ಟಿನ ಹಾಳೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಬೇಯಿಸಿ, ಎಲೆಕೋಸು ಈರುಳ್ಳಿಯ ಜೊತೆ ಬೆರೆಸಿ ತಿನ್ನುತ್ತಾರೆ. ಅದಕ್ಕೆ ವಜಾಂಕಿ ಎಂದು ಹೆಸರು. ಅಲ್ಲಿಯೂ ಅದು ಮನೆಯ ಊಟ, ಚಳಿಯಲ್ಲಿ ಹೊಟ್ಟೆ ತುಂಬಿಸುವ ಊಟ. ಕೈಗೆ ಸಿಕ್ಕ ಹಿಟ್ಟು, ಅಗ್ಗದ ಕೋಸು, ಕಾದು ಕೂತ ಮಕ್ಕಳು: ಇಷ್ಟು ಇರುವ ಕಡೆಯೆಲ್ಲ ತಾಯಂದಿರು ಹೆಚ್ಚುಕಡಿಮೆ ಒಂದೇ ದಾರಿ ಹುಡುಕಿಕೊಂಡಿದ್ದಾರೆ.

ಹಾಗಾದರೆ ಮುಜುಗರ ಎಲ್ಲಿಂದ ಬಂತು?

ನಮ್ಮ ಮನೆಗಳಿಗೆ ಬರುವ ಕೆಲವು ಅತಿಥಿಗಳನ್ನು ನೀವೂ ನೋಡಿದ್ದೀರಿ. ಪ್ರೀತಿಯಿಂದಲೇ ಬರುತ್ತಾರೆ, ಬಾಬಾಸಾಹೇಬರ ಪಟಕ್ಕೆ ಕೈಮುಗಿಯುತ್ತಾರೆ. ಊಟ ಎಂದಾಗ "ಈಗಷ್ಟೇ ತಿಂದು ಬಂದೆ" ಎನ್ನುತ್ತಾರೆ. ಬಲವಂತ ಮಾಡಿದರೆ ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ, ಸಿಪ್ಪೆ ಇದೆಯಲ್ಲ. ಪ್ಯಾಕೆಟ್ ಬಿಸ್ಕತ್ತು, ಮುಚ್ಚಳ ಒಡೆಯದ ಬಾಟಲಿ ನೀರು ಆಗುತ್ತದೆ. ನಮ್ಮ ಕೈ ತಾಗದ ಯಾವುದಾದರೂ ಆಗುತ್ತದೆ. ನಾವೂ ಇದನ್ನು ಕಲಿತುಬಿಟ್ಟಿದ್ದೇವೆ. ಅಂಥವರು ಬರುತ್ತಾರೆಂದರೆ ಮೊದಲೇ ಅಂಗಡಿಗೆ ಓಡಿ ಬಿಸ್ಕತ್ತು ತಂದಿಡುತ್ತೇವೆ.

ಭಾನುವಾರದ ವಿಷಯ ಹೇಳಿದಾಗ ನನ್ನ ಅಮ್ಮ ಅಂದದ್ದು: "ನಾನು ಒತ್ತಿದ್ದನ್ನ ಅವರು ತಿಂತಾರೇನಪ್ಪಾ? ಮಾಡಿದ್ದು ಹಾಗೇ ಉಳಿದುಬಿಟ್ಟರೆ?" ಗಮನಿಸಿ. ಅಡುಗೆ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬ ಚಿಂತೆ ಆಕೆಗಿಲ್ಲ. ಐವತ್ತು ವರ್ಷದಿಂದ ಒತ್ತಿದ ಕೈ ಅದು. ಅನುಮಾನ ಇರುವುದು ಆ ಕೈಯ ಮೇಲೆಯೇ. ದೀಕ್ಷೆ ತೆಗೆದುಕೊಂಡು, ದೇವರ ಪಟಗಳನ್ನು ಇಳಿಸಿ, ದಿನವೂ ತ್ರಿಶರಣ ಹೇಳುವ ಮನೆಯಲ್ಲೂ ಈ ಅಂಜಿಕೆ ಅಡುಗೆಮನೆಯಲ್ಲಿ ಉಳಿದುಕೊಂಡಿದೆ. ಮಾಲೂರಿನ ಪಲಾವ್ ಈ ಅಂಜಿಕೆಯನ್ನು ಹೋಗಲಾಡಿಸುವುದಿಲ್ಲ. ಅದಕ್ಕೆ ಒಂದು ಮುಚ್ಚಳ ಹಾಕುತ್ತದೆ, ಅಷ್ಟೇ.

ಬುದ್ಧ ಭಗವಾನರ ಬದುಕಿನಲ್ಲಿ ಎರಡು ಊಟಗಳು ಪ್ರಸಿದ್ಧ. ಸಂಬೋಧಿಗೆ ಮುಂಚೆ ಸುಜಾತೆ ಕೊಟ್ಟ ಹಾಲು ಪಾಯಸ ಒಂದು. ಪರಿನಿಬ್ಬಾಣಕ್ಕೆ ಮುಂಚೆ ಪಾವಾ ಊರಿನ ಚುಂದ ಬಡಿಸಿದ ಊಟ ಇನ್ನೊಂದು. ಚುಂದ ಕಮ್ಮಾರರ ಮನೆಯವನು. ಅವನು ಬಡಿಸಿದ್ದು ಹಂದಿಯ ಮಾಂಸವೋ, ಅಣಬೆಯೋ ಎಂದು ಪಂಡಿತರು ಇಂದಿಗೂ ವಾದ ಮಾಡುತ್ತಾರೆ. ಆ ವಾದ ಅವರಿಗೇ ಇರಲಿ. ಊಟವಾದ ಮೇಲೆ ಭಗವಾನರಿಗೆ ರಕ್ತಭೇದಿಯಾಯಿತು, ಸಹಿಸಲಾಗದ ನೋವು ಬಂತು. ಆ ನೋವಿನಲ್ಲೇ ಕುಶಿನಾರಕ್ಕೆ ನಡೆದರು.

ಅಂಥ ಹೊತ್ತಿನಲ್ಲಿ ಅವರು ಆನಂದರಿಗೆ ಹೇಳಿದ ಕೆಲವು ಮಾತುಗಳಲ್ಲಿ ಒಂದು ಚುಂದನ ಬಗ್ಗೆ. ನಾಳೆ ಯಾರಾದರೂ ಚುಂದನನ್ನು ದೂರಬಹುದು, ಅವನೇ ತನ್ನ ಕೈಯನ್ನು ಹಳಿದುಕೊಳ್ಳಬಹುದು ಎಂದು ಅವರು ಮುಂಚೆಯೇ ಯೋಚಿಸಿದರು. ಅವನ ಬಳಿಗೆ ಹೋಗಿ ಸಮಾಧಾನ ಹೇಳಬೇಕು, ಸಂಬೋಧಿಗೆ ಮುಂಚಿನ ಊಟಕ್ಕೂ ಪರಿನಿಬ್ಬಾಣಕ್ಕೆ ಮುಂಚಿನ ಊಟಕ್ಕೂ ಪುಣ್ಯ ಸಮ ಎಂದು ತಿಳಿಸಬೇಕು ಎಂದರು.

ಬಂಧುಗಳೇ, ಸಾಯುವ ಹೊತ್ತಿನಲ್ಲಿ ತನ್ನ ನೋವನ್ನು ಬದಿಗಿಟ್ಟು, ಅಡುಗೆ ಮಾಡಿದವನ ಮನಸ್ಸು ಕುಗ್ಗಬಾರದೆಂದು ನೋಡಿಕೊಂಡ ಗುರು ನಮ್ಮವರು. ಅವರ ದಾರಿಯಲ್ಲಿ ನಡೆಯುವ ನಾವು ನಮ್ಮ ತಾಯಂದಿರ ಮನಸ್ಸು ಕುಗ್ಗದಂತೆ ನೋಡಿಕೊಳ್ಳಬೇಡವೇ?

ಇನ್ನೊಂದು ಪ್ರಸಂಗ ಧಮ್ಮಪದದ ಅಟ್ಠಕಥೆಯಲ್ಲಿದೆ. ಆಳವಿ ಎಂಬ ಊರಿನ ಬಡ ರೈತನೊಬ್ಬ ಭಗವಾನರ ಉಪದೇಶ ಕೇಳಬೇಕೆಂದಿದ್ದ. ಅಂದೇ ಅವನ ಎತ್ತು ತಪ್ಪಿಸಿಕೊಂಡಿತು. ಹುಡುಕಿ ತಂದು ಕಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು, ಉಪವಾಸದಲ್ಲೇ ಓಡಿ ಬಂದ. ಭಗವಾನರು ಸಭೆಯನ್ನೆಲ್ಲ ಕಾಯಿಸಿ ಮೌನವಾಗಿ ಕುಳಿತಿದ್ದರು. ಅವನು ಬಂದ ಕೂಡಲೇ ಉಪದೇಶ ಶುರುಮಾಡಲಿಲ್ಲ. ಉಳಿದ ಊಟ ಇದೆಯೇ ಎಂದು ಕೇಳಿ, ಅವನಿಗೆ ಬಡಿಸಿಸಿದರು. ಅವನ ಹೊಟ್ಟೆ ತಣ್ಣಗಾದ ಮೇಲೆ ಧಮ್ಮ ಹೇಳಿದರು. ಭಿಕ್ಖುಗಳು ಗೊಣಗಿದಾಗ, ಹಸಿವಿಗಿಂತ ದೊಡ್ಡ ಕಾಯಿಲೆ ಬೇರೆಯಿಲ್ಲ ಎಂಬ ಅರ್ಥದ ಮಾತು ಹೇಳಿದರು. ಊಟ ಧಮ್ಮಕ್ಕೆ ಹೊರಗಿನದು ಎನ್ನುವವರು ಈ ರೈತನನ್ನು ನೆನೆಯಲಿ.

ಬಾಬಾಸಾಹೇಬರ ಹೋರಾಟವೂ ಮುಟ್ಟುವ ಕೈಯ ಪ್ರಶ್ನೆಯೇ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಅವರು ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣರ ಗುಂಪು ಸಮ್ಮೇಳನದ ಚಪ್ಪರಕ್ಕೆ ನುಗ್ಗಿ ಜನರನ್ನು ಹೊಡೆಯಿತು, ಅಲ್ಲಿದ್ದ ಅನ್ನ ಮಣ್ಣುಪಾಲಾಯಿತು. ಕೆರೆಯನ್ನು 108 ಮಡಕೆ ಸಗಣಿ, ಗಂಜಲ, ಹಾಲು, ಮೊಸರಿನಿಂದ ಶುದ್ಧ ಮಾಡಿದರು. ದನ ನೀರು ಕುಡಿದರೆ ಕೆಡದ ಕೆರೆ, ಮನುಷ್ಯ ಮುಟ್ಟಿದರೆ ಕೆಟ್ಟಿತಂತೆ!

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಒಟ್ಟಿಗೆ ಕೂತು ಊಟ ಮಾಡಿದ ಮಾತ್ರಕ್ಕೆ ಜಾತಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ' ಗ್ರಂಥದಲ್ಲಿ ಸ್ಪಷ್ಟವಾಗಿ ವಾದಿಸಿದ್ದಾರೆ. ಜಾತಿ ಇರುವುದು ಮನಸ್ಸಿನಲ್ಲಿ, ಅದನ್ನು ಪವಿತ್ರವೆಂದು ಹೇಳುವ ಶಾಸ್ತ್ರಗಳ ಮೇಲಿನ ನಂಬಿಕೆಯಲ್ಲಿ ಎಂದರು. ಹಾಗಾಗಿ ಭಾನುವಾರ ನಾಲ್ಕು ಜನ ನಮ್ಮ ಮನೆಯಲ್ಲಿ ಶಾವಿಗೆ ತಿಂದರೆ ಕ್ರಾಂತಿಯಾಯಿತು ಎಂದು ಫೋಟೋ ಹಾಕಿಕೊಳ್ಳುವುದು ಬೇಡ. ಅತಿಥಿಯ ಮನಸ್ಸನ್ನು ಅವರೇ ತೊಳೆದುಕೊಳ್ಳಬೇಕು. ನಮ್ಮ ಮನಸ್ಸಿನ ಅಂಜಿಕೆಯನ್ನು ನಾವು ತೊಳೆದುಕೊಳ್ಳಬಹುದು. ಅದು ನಮ್ಮ ಕೈಯಲ್ಲಿದೆ.

ನಾನು ಶಾಲೆಯವನಾದ್ದರಿಂದ ಇನ್ನೊಂದು ವಿಷಯ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅಡುಗೆಯವರ ನೇಮಕಾತಿಯಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಈ ದೇಶದಲ್ಲಿ ಊಟದ ಜೊತೆಗೆ ಬಡಿಸುವ ಕೈಯೂ ಮುಖ್ಯ ಎಂದು ನ್ಯಾಯಾಲಯಕ್ಕೂ ಗೊತ್ತಿತ್ತು. ಆದರೂ ಸುಮಾರು ಹತ್ತು ವರ್ಷಗಳ ಹಿಂದೆ ನಮ್ಮದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಶಾಲೆಯೊಂದರಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ್ದು ಪತ್ರಿಕೆಗಳಲ್ಲಿ ಬಂತು. ದಿನವೂ ಬೆಳಿಗ್ಗೆ ಒಲೆ ಹಚ್ಚಿ, ತಿನ್ನದ ತಟ್ಟೆಗಳನ್ನು ನೋಡುತ್ತ ನಿಂತ ಆ ತಾಯಿಯ ಧೈರ್ಯ ನಮ್ಮ ಎಷ್ಟು ಭಾಷಣಗಳಿಗೆ ಸಮ?

ಕೊನೆಯದಾಗಿ ನಮ್ಮ ಮನೆಯೊಳಗಿನ ಮಾತು. ಹೊರಗಿನವರು ಅಡುಗೆಯ ಕೈಯನ್ನು ಗೌರವಿಸಬೇಕು ಎನ್ನುವ ನಾವು ಎಷ್ಟು ಗೌರವಿಸುತ್ತೇವೆ? ಬುದ್ಧ ಪೂರ್ಣಿಮೆಯಿರಲಿ, ಏಪ್ರಿಲ್ 14 ಇರಲಿ, ಒಳಗೆ ಪ್ರವಚನ ನಡೆಯುವಾಗ ಹಿತ್ತಲಲ್ಲಿ ಹೊಗೆ ಕುಡಿಯುತ್ತ ಕೂತವರು ಹೆಣ್ಣುಮಕ್ಕಳು. ಸಮತೆಯ ಬಗ್ಗೆ ನಾವು ಹೇಳಿದ ಒಂದು ಮಾತೂ ಅವರ ಕಿವಿಗೆ ಬಿದ್ದಿರುವುದಿಲ್ಲ. ಒತ್ತು ಶಾವಿಗೆಗೆ ರಟ್ಟೆಯ ಬಲ ಬೇಕು. ಗಂಡಸರ ರಟ್ಟೆ ಏನು ಮಾಡುತ್ತಿದೆ?

ಆದ್ದರಿಂದ ಭಾನುವಾರಕ್ಕೆ ನನ್ನ ಬಿನ್ನಹ ಇದು.

1. ಊಟ ಮನೆಯಲ್ಲೇ ಆಗಲಿ. ಒತ್ತು ಶಾವಿಗೆ, ಎಲೆಕೋಸು, ಮಜ್ಜಿಗೆ. ಪ್ಯಾಕೆಟ್ ಬಿಸ್ಕತ್ತು, ಬಾಟಲಿ ನೀರು ತರುವುದು ಬೇಡ. ಬಿಂದಿಗೆಯಲ್ಲಿ ನೀರಿರುತ್ತದೆ.

2. ಬೆಳಿಗ್ಗೆ 9ಕ್ಕೆ ಗಂಡಸರು ಬನ್ನಿ. ಕೋಸು ಹೆಚ್ಚುವುದು, ಒರಳು ಒತ್ತುವುದು ನಮ್ಮ ಕೆಲಸ. ಅಮ್ಮ ಹದ ನೋಡಿ ಹೇಳುತ್ತಾಳೆ.

3. ಧಮ್ಮ ವಾಚನ ಅಡುಗೆ ಮುಗಿದ ಮೇಲೆ, ಎಲ್ಲರೂ ಕೂತ ಮೇಲೆ ಶುರುವಾಗಲಿ. ಆಳವಿಯ ರೈತನಿಗಾಗಿ ಸಭೆ ಕಾದಿತ್ತು, ನಾವೂ ಕಾಯೋಣ.

4. ಬಂದವರಲ್ಲಿ ಯಾರಾದರೂ "ತಿಂದು ಬಂದೆ" ಎಂದರೆ ಕೋಪ ಬೇಡ, ಬೇಡಿಕೊಳ್ಳುವುದೂ ಬೇಡ. ಮೈತ್ರಿಯಿಂದ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಉಣ್ಣೋಣ. ಉಳಿದ ಶಾವಿಗೆಯಿಂದ ನಮಗೆ ಅವಮಾನವಿಲ್ಲ. ಸಂಜೆ ಒಗ್ಗರಣೆ ಹಾಕಿದರೆ ಮಕ್ಕಳು ಜಗಳವಾಡಿ ತಿನ್ನುತ್ತಾರೆ.

ಇಂದಿನ ಅಭ್ಯಾಸ: ಇಂದು ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಮುಂಚೆ ಒಂದು ಉಸಿರು ನಿಲ್ಲಿ. ಈ ಅನ್ನವನ್ನು ಬೆಳೆದ ಕೈ, ಹೊತ್ತ ಕೈ, ಬೇಯಿಸಿದ ಕೈ ನೆನೆಯಿರಿ. ಬೇಯಿಸಿದವರು ಎದುರಿಗಿದ್ದರೆ ಅವರ ಹೆಸರು ಹಿಡಿದು ಚೆನ್ನಾಗಿದೆ ಎಂದು ಹೇಳಿ. ಅವರು ಇನ್ನೂ ಉಂಡಿಲ್ಲದಿದ್ದರೆ ಎದ್ದು ಅವರಿಗೆ ನೀವು ಬಡಿಸಿ.

ಎಲ್ಲ ಜೀವಿಗಳ ಹೊಟ್ಟೆ ತಣ್ಣಗಿರಲಿ. ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.