ಹೆಚ್ಚಾದ ಅಕ್ಕಿ, ಕೊನೆಯ ಹೊಲದ ನೀರು

ಎದುರುಬದುರಾಗಿ ನಿಂತವರನ್ನು ಒಂದೆಡೆ ಕೂಡಿಸಿ ಮಾತನಾಡಿಸುವುದನ್ನು ಶರಣ ಪರಂಪರೆ ಬರೀ ಲೋಕವ್ಯವಹಾರವೆಂದು ಬದಿಗಿಡಲಿಲ್ಲ, ಸಾಧನೆಯೊಳಗೇ ಸೇರಿಸಿತು. ಇದಕ್ಕೆ ದೊಡ್ಡ ಸಾಕ್ಷಿ ಶೂನ್ಯಸಂಪಾದನೆ. 12ನೇ ಶತಮಾನದ ಶರಣರ ವಚನಗಳನ್ನು ಸಂವಾದವಾಗಿ ಹೆಣೆದು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಇದನ್ನು ಕಟ್ಟಿದ. ಅದು ಸಭೆಯ ನಡಾವಳಿಯಲ್ಲ. ಮೂರು ಶತಮಾನಗಳ ಬಳಿಕ ಭಕ್ತಮನಸ್ಸು ಕಂಡುಕೊಂಡ ಸಭೆ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನು ತಮ್ಮ ತಮ್ಮ ನಿಲುವಿಗೆ ತಕ್ಕಂತೆ ತಿದ್ದಿ ಕಟ್ಟಿದರು. ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯ ವಿಷಯದಲ್ಲಿ ಇವರ ನಡುವೆಯೇ ಒಮ್ಮತವಿಲ್ಲ. ಆದರೂ ಪರಂಪರೆ ನಾಲ್ಕನ್ನೂ ಇಟ್ಟುಕೊಂಡಿದೆ.

ಆ ಗ್ರಂಥದ ಮಾತುಗಳು ಮೆತ್ತಗಿಲ್ಲ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮ ಕೆಣಕುತ್ತಾನೆ, ಕೆಲಸಗಾರರು ಕಲ್ಲು ಬೀರುತ್ತಾರೆ, ಸಿದ್ಧರಾಮ ಸಿಟ್ಟಿಗೇಳುತ್ತಾನೆ. ಮಾತುಕತೆ ಶುರುವಾಗುವುದು ಸಿಟ್ಟು ಪೂರಾ ಹೊರಬಿದ್ದ ಮೇಲೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನೂ ಅಲ್ಲಮ ಸುಮ್ಮನೆ ಒಳಗೆ ಕರೆಯುವುದಿಲ್ಲ, ಮುಳ್ಳಿನಂಥ ಪ್ರಶ್ನೆಗಳನ್ನೇ ಕೇಳುತ್ತಾನೆ. ಗಮನಿಸಬೇಕಾದದ್ದು, ಇಲ್ಲಿ ಅತಿ ಕಠಿಣ ಪ್ರಶ್ನೆ ಬೀಳುವುದು ಹೊರಗಿನವರ ಮೇಲಲ್ಲ, ತಮ್ಮವರ ಮೇಲೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಈ ಗುಣಕ್ಕೆ ಹಿಡಿದ ಕನ್ನಡಿ. ಸುರಪುರ ಸೀಮೆಯಿಂದ ಕೃಷ್ಣೆ ದಾಟಿದರೆ ಸಿಗುವ ಲಿಂಗಸುಗೂರು ಕಡೆಯ ಅಮರೇಶ್ವರ ಈ ದಂಪತಿಯ ಊರೆಂದು ಹೇಳುತ್ತಾರೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಲಕ್ಕಮ್ಮನ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಕಸಿದದ್ದಲ್ಲ, ನೆಲದ ಮೇಲೆ ಬಿದ್ದದ್ದೇ. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ವಾಪಸ್ ಕಳಿಸಿದಳು. ಬಸವಣ್ಣನ ಮನೆಯ ಸಿರಿಯ ಮೇಲೆ ಟೀಕೆ ಮಾಡುವುದು ಅವಳಿಗೆ ಸುಲಭವಿತ್ತು. ಅವಳು ಮೊದಲು ತಡೆದದ್ದು ತನ್ನ ಮನೆಯ ಚೀಲವನ್ನು.

ಕೃಷ್ಣೆಯ ಈಚೆ ದಡದಲ್ಲಿ, ಸುರಪುರ ತಾಲೂಕಿನ ತಿಂಥಣಿಯಲ್ಲಿ, ಇನ್ನೊಂದು ಬಗೆಯ ಪಾಠವಿದೆ. ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಮೌನೇಶ್ವರರನ್ನು ಹಿಂದೂ ಭಕ್ತರು ಮೌನಪ್ಪಯ್ಯ ಎಂದರೆ ಮುಸ್ಲಿಂ ಭಕ್ತರು ಮೌನುದ್ದೀನ್ ಎನ್ನುತ್ತಾರೆ. ಜಾತ್ರೆಯಲ್ಲಿ ಪಲ್ಲಕ್ಕಿ ಏಳುವಾಗ ಭಕ್ತರು ಕೂಗುವ ಜಯಘೋಷ ದಖನಿ ಮಾತಿನದು; ಒಂದು ಲಕ್ಷ ಎಂಬತ್ತು ಸಾವಿರ ಪೀರರನ್ನು ನೆನೆದು ಮೌನುದ್ದೀನನ ಹೆಸರು ಹೇಳುತ್ತದೆ. ಅದನ್ನು ಕೂಗುವವರಲ್ಲಿ ವಿಭೂತಿ ಧರಿಸಿದವರೂ ಇರುತ್ತಾರೆ. ಇದನ್ನು ಭಾವೈಕ್ಯವೆಂದು ಹೊಗಳಿ ಮುಗಿಸುವುದು ರೂಢಿ. ಆದರೆ ಅಲ್ಲಿ ಯಾರೂ ತಮ್ಮ ಹೆಸರು ಬಿಟ್ಟುಕೊಟ್ಟಿಲ್ಲ, ಎರಡೂ ಉಳಿದಿವೆ. ಒಪ್ಪದವರ ಜೊತೆ ಕೂಡಲು ಮೊದಲು ಒಂದೇ ಆಗಬೇಕು ಎಂಬ ಷರತ್ತು ತಿಂಥಣಿಯಲ್ಲಿಲ್ಲ.

ಊರ ಜಗಳಗಳಿಗೆ ಇಂದು ಇರುವ ಏರ್ಪಾಟುಗಳು ಎರಡು. ಗಣೇಶ ಚೌತಿಗೂ ಮೊಹರಂಗೂ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಸೇರುತ್ತದೆ. ಅದು ಬೇಕು, ಆದರೆ ಅಲ್ಲಿ ಮುಂದಿನ ಕುರ್ಚಿಯ ಮುಖಂಡರು ತಮ್ಮವರ ಪರವಾಗಿ ಭರವಸೆ ಕೊಟ್ಟು, ಚಹಾ ಕುಡಿದು ಏಳುತ್ತಾರೆ. ಇನ್ನೊಂದು ಹಿರಿಯರ ಕಟ್ಟೆ. ಅಲ್ಲಿ ರಾಜಿ ಬೇಗ ಆಗುತ್ತದೆ, ಏಕೆಂದರೆ ಬಹಳ ಸಲ ಹೆಂಗಸರಿಗೂ ಕೇರಿಯವರಿಗೂ ಕಟ್ಟೆಯ ಮೇಲೆ ಜಾಗವೇ ಇರುವುದಿಲ್ಲ. ಬಾಯಿ ಮುಚ್ಚಿಸಿ ತಂದ ಒಮ್ಮತವನ್ನು ಸಂವಾದ ಎನ್ನಲಾಗದು. ಅಂಬಿಗರ ಚೌಡಯ್ಯನಂಥವರು ಇಲ್ಲದ ಅನುಭವ ಮಂಟಪವನ್ನು ಪರಂಪರೆ ಕಲ್ಪಿಸಿಕೊಂಡೇ ಇಲ್ಲ.

ಈ ಸೀಮೆಯಲ್ಲಿ ಮಾತುಕತೆಗೆ ತೀರಾ ಕಠಿಣವಾದ ವಿಷಯ ದೇವರಲ್ಲ, ನೀರು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳತ್ತ ಹರಿಯುತ್ತದೆ. ಯೋಜನೆ ಲೆಕ್ಕ ಹಾಕಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಕೊನೆ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಬಾಡುತ್ತವೆ. ರೈತರು ಭೀಮರಾಯನಗುಡಿಯ ನೀರಾವರಿ ಕಚೇರಿಯ ಮುಂದೆ ಧರಣಿ ಕೂಡುತ್ತಾರೆ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ವಾರಾಬಂದಿ ಗೊತ್ತು ಮಾಡುತ್ತದೆ: ಇಷ್ಟು ದಿನ ಚಾಲು, ಇಷ್ಟು ದಿನ ಬಂದ್. ಸಮಿತಿ ಬಿಡುವ ದಿನವನ್ನು ಗೊತ್ತು ಮಾಡಬಲ್ಲದು; ರಾತ್ರಿ ತೂಬಿಗೆ ಕೈಹಾಕುವ ನೆರೆಯವನನ್ನು ತಡೆಯುವುದು ಅದರಿಂದ ಆಗದು.

ಮೇಲಿನವನ ವಾದವೂ ಪೊಳ್ಳಲ್ಲ. ಗದ್ದೆ ಮಾಡಲು ಸಾಲ ತಂದಿದ್ದಾನೆ, ಸವುಳು ಹತ್ತಿ ಜೌಗಾದ ನೆಲದಲ್ಲಿ ಬೇರೆ ಬೆಳೆ ಸುಲಭಕ್ಕೆ ಏಳದು. ಇದನ್ನು ಕೆಳಗಿನವನು ಕುಳಿತು ಕೇಳಬೇಕು. ಆದರೆ ಕೂಟದಲ್ಲಿ ಮೊದಲ ಮಾತು ಒಣಗಿದ ಹೊಲದವನದಾಗಬೇಕು, ಮತ್ತು ಆ ಮಾತು ಇಬ್ಬರೂ ಕಾಲುವೆಗುಂಟ ಕೊನೆಯ ತೂಬಿನವರೆಗೆ ನಡೆದು ನೋಡಿದ ಮೇಲೆ ಬರಬೇಕು. ಆಮೇಲೆ, ಹೆಚ್ಚಾದದ್ದು ನಮಗೇಕೆ ಎಂಬ ಲಕ್ಕಮ್ಮನ ಪ್ರಶ್ನೆಯನ್ನು ಭತ್ತದವನಿಗೆ ಭತ್ತದವನೇ ಕೇಳಬೇಕು. ಕೆಳಗಿನವನು ಕೇಳಿದರೆ ಅದು ಆರೋಪ, ಅಧಿಕಾರಿ ಕೇಳಿದರೆ ನೋಟಿಸು. ನಡುವೆ ಕೂಡಿಸುವವರು ಮಠದವರಾಗಲಿ, ಮಾಸ್ತರರಾಗಲಿ, ಆ ಕಾಲುವೆಯ ಕೆಳಗೆ ಸ್ವಂತ ಜಮೀನು ಇಲ್ಲದವರಾದರೆ ಒಳ್ಳೆಯದು. ಇಂಥ ಕೂಟಕ್ಕೆ ಕಾಲ ಬಿತ್ತನೆಗೆ ಮುಂಚೆ. ನಾಟಿ ಮುಗಿದ ಮೇಲೆ, ನಿಂತ ಭತ್ತ ಒಣಗಲಿ ಎನ್ನಲು ಕೊನೆ ಹೊಲದವನಿಗೂ ಬಾಯಿ ಬರುವುದಿಲ್ಲ.